ರಾಡ್ ನಮ್ಮ ಜೀಪಿನಲ್ಲಿತ್ತು

ನಾನು ಮಲೆನಾಡಿನ ಒಂದು ಸೆಕ್ಷನ್‌ನಲ್ಲಿ ಲೈನ್‌ಮ್ಯಾನ್. ಕೆಲಸಕ್ಕೆ ಸೇರಿ 19 ವರ್ಷವಾಯಿತು. ನನ್ನ ಜೊತೆಯಲ್ಲೇ ಸೇರಿದವನೊಬ್ಬ ಏಳು ವರ್ಷದ ಹಿಂದೆ ಕಂಬದ ಮೇಲೆ ಜೀವ ಬಿಟ್ಟ. ಅವನ ಹೆಸರು ಇಲ್ಲಿ ಬರೆಯುತ್ತಿಲ್ಲ, ಮನೆಯವರಿಗೆ ಅದು ಬೇಡ. ಉಳಿದದ್ದನ್ನು ಬರೆಯುತ್ತೇನೆ.

ಆಷಾಢದ ಮಳೆ. ಒಂದೇ ರಾತ್ರಿ ಆರೇಳು ಕಡೆ ಮರ ಬಿದ್ದು ಲೈನ್ ಹೋಗಿತ್ತು. ಬೆಳಿಗ್ಗೆ ಎರಡು ಗ್ಯಾಂಗ್ ಮಾಡಿಕೊಂಡು ಹೊರಟೆವು. ಸೆಕ್ಷನ್‌ನಲ್ಲಿ ಇದ್ದದ್ದು ಒಂದೇ ಜೊತೆ ಅರ್ತಿಂಗ್ ರಾಡ್, ಲೈನನ್ನು ಭೂಮಿಗೆ ಕಟ್ಟುವ ಸಾಧನ. ಅದು ನಮ್ಮ ಜೀಪಿನಲ್ಲಿತ್ತು. "ರಾಡ್ ನಮಗೆ ಬಿಡ್ತೀಯಾ?" ಅಂತ ಇನ್ನೊಂದು ಗ್ಯಾಂಗಿನಲ್ಲಿದ್ದ ಅವನು ಕೇಳಿದ. "ಮಧ್ಯಾಹ್ನ ಕೊಡ್ತೀನಿ ಮಾರಾಯ" ಅಂದೆ. ನಾವಿಬ್ಬರೂ ಆಡಿದ ಕೊನೆಯ ಮಾತು ಅದೇ.

ಅವನು ಎಲ್‌ಸಿ, ಅಂದರೆ ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಅನ್ನುವ ಅನುಮತಿ, ತಗೊಂಡೇ ಹತ್ತಿದ್ದ. ಸಬ್‌ಸ್ಟೇಷನ್‌ನಲ್ಲಿ ಫೀಡರ್, ಅಂದರೆ ಅಲ್ಲಿಂದ ಹೊರಡುವ ಲೈನ್, ಆಫ್ ಆಗಿತ್ತು. ಆದರೆ ಆ ಲೈನಿನ ಕೊನೆಯ ಟಿಸಿಯ (ಟ್ರಾನ್ಸ್‌ಫಾರ್ಮರ್) ಹತ್ತಿರ ಒಂದು ಹೋಂಸ್ಟೇ ಇದೆ. ಅಲ್ಲಿ ಜನರೇಟರ್ ಕರೆಂಟ್ ಲೈನಿಗೆ ಹೋಗದಂತೆ ತಡೆಯುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಾಕಿದ್ದರು. ಕರೆಂಟ್ ಇಲ್ಲದ ಬೆಳಿಗ್ಗೆ ಅದನ್ನು ಆನ್ ಮಾಡಿದರು. ಟಿಸಿ ಅಂದರೆ 11,000 ವೋಲ್ಟನ್ನು 433ಕ್ಕೆ ಇಳಿಸುವ ಡಬ್ಬಿ ಅಂತಷ್ಟೇ ಜನರಿಗೆ ಗೊತ್ತು. ಕೆಳಗಿಂದ ಕರೆಂಟ್ ಕೊಟ್ಟರೆ ಅದೇ ಡಬ್ಬಿ ಮೇಲಕ್ಕೆ ಏರಿಸಿ ಕಳಿಸುತ್ತದೆ. ಮನೆಯ ಜನರೇಟರ್ ಕಂಬದ ಮೇಲಿರುವವನ ಕೈಗೆ ಅದೇ 11,000 ವೋಲ್ಟ್ ತಂದಿಡುತ್ತದೆ. ಸ್ಟೇಷನ್ ಆಪರೇಟರ್‌ಗೆ ಇದು ಕಾಣುವುದೂ ಇಲ್ಲ, ತಡೆಯಲು ಆಗುವುದೂ ಇಲ್ಲ. ತಡೆಯುವುದು ರಾಡ್ ಮಾತ್ರ. ಕೆಲಸದ ಜಾಗದ ಎರಡೂ ಕಡೆ ಮೂರೂ ವೈರ್ ಸೇರಿಸಿ ಭೂಮಿಗೆ ಕಟ್ಟಿದರೆ ಬಂದ ಕರೆಂಟ್ ಮಣ್ಣಿಗೆ ಇಳಿಯುತ್ತದೆ, ಮನುಷ್ಯ ಉಳಿಯುತ್ತಾನೆ.

ಮಣ್ಣಿಗೆ ಎಲ್ಲರೂ ಹೋದೆವು. ಒಂದು ದಿನದ ಸಂಬಳ ಸೇರಿಸಿ ಮನೆಗೆ ಕೊಟ್ಟೆವು. ಸೆಕ್ಷನ್ ಆಫೀಸರ್ ಸಾಹೇಬರು ಅನುಕಂಪದ ನೌಕರಿಯ ಕಾಗದ ಹಿಡಿದು ಓಡಾಡಿದರು, ಅವನ ಹೆಂಡತಿಗೆ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಇದನ್ನೆಲ್ಲ ಚೆನ್ನಾಗಿಯೇ ಮಾಡಿದೆವು. ಸೆಕ್ಷನ್ ಗೋಡೆಯ ಮೇಲೆ ಅವನ ಫೋಟೋ ಬಂತು, ಗಂಧದ ಹಾರ ಬಂತು. ವಾಟ್ಸಾಪ್ ಗ್ರೂಪಿನಿಂದ ಅವನ ನಂಬರ್ ಯಾರೋ ತೆಗೆದರು.

ಆಮೇಲೆ ಒಂದು ಮಾತು ಹುಟ್ಟಿತು. "ಅವಸರ ಮಾಡಿದ." ಟೀ ಅಂಗಡಿಯಲ್ಲಿ, ಸ್ಟೋರ್ ಮುಂದೆ, ಎಲ್ಲ ಕಡೆ ಅದೇ. ರಾಡ್ ಯಾಕೆ ಒಂದೇ ಜೊತೆ ಇತ್ತು, ಅವತ್ತು ಯಾರ ಜೀಪಿನಲ್ಲಿತ್ತು ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ನನ್ನ ಮೇಲೆ ಬರುತ್ತದೆ ಅಂತ ಭಯ. ಅವನ ಫೋಟೋ ಕೆಳಗೇ ನಿಂತು ಹಾಜರಿ ಹಾಕುತ್ತಿದ್ದೆ. ಎರಡು ವರ್ಷ ಹೀಗೇ ಹೋಯಿತು. ಹೊಸದಾಗಿ ಬಂದ ಹುಡುಗನೊಬ್ಬ ಫೋಟೋ ತೋರಿಸಿ ಯಾರು ಅಂತ ಕೇಳಿದ. "ಕರೆಂಟ್ ಹೊಡೆದು ಹೋದವರು" ಅಂತ ಒಬ್ಬರು ಅಂದರು. ಅಷ್ಟೇ. ನನಗೆ ಅವತ್ತು ಊಟ ಸೇರಲಿಲ್ಲ.

ಅದೇ ಅಕ್ಟೋಬರ್ 21ಕ್ಕೆ ನನ್ನ ಭಾವ ಜಿಲ್ಲಾ ಪೊಲೀಸ್ ಮೈದಾನಕ್ಕೆ ಕರೆದುಕೊಂಡು ಹೋದರು. ಅವರು ಹೆಡ್ ಕಾನ್‌ಸ್ಟೇಬಲ್. 1959ರ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ 10 ಪೊಲೀಸರು ಸತ್ತರು, ಅವರ ನೆನಪಿಗೆ ಹುತಾತ್ಮರ ದಿನ. ನಾನು ಭಾಷಣ ಇರುತ್ತದೆ ಅಂದುಕೊಂಡಿದ್ದೆ. ಅವರು ಹೆಸರು ಓದಿದರು. ಆ ವರ್ಷ ಕರ್ತವ್ಯದಲ್ಲಿ ತೀರಿಕೊಂಡವರ ಹೆಸರು, ಒಂದಾದ ಮೇಲೆ ಒಂದು. ಬಿಸಿಲಲ್ಲಿ ಎಲ್ಲರೂ ಅಲುಗಾಡದೆ ನಿಂತಿದ್ದರು. ಅರಣ್ಯ ಇಲಾಖೆಯವರಿಗೂ ಸೆಪ್ಟೆಂಬರ್ 11 ಇದೆ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಬನ್ನಿ ಮರಗಳಿಗಾಗಿ ಪ್ರಾಣ ಕೊಟ್ಟ 363 ಬಿಷ್ಣೋಯಿಗಳ ನೆನಪಿನ ದಿನ ಅದು. 1991ರಲ್ಲಿ ವೀರಪ್ಪನ್ ಕೊಂದ ನಮ್ಮ ರಾಜ್ಯದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಇಷ್ಟು ವರ್ಷವಾದರೂ ಅವರು ಮರೆತಿಲ್ಲ. ಹೇಗೆ ಸತ್ತರು, ಯಾಕೆ ಅಲ್ಲಿಗೆ ಹೋಗಿದ್ದರು ಅಂತ ಹೊಸ ಗಾರ್ಡ್‌ಗಳೂ ಹೇಳುತ್ತಾರೆ.

ನಮಗೆ ಮಾರ್ಚ್ 4 ಇದೆ, ರಾಷ್ಟ್ರೀಯ ಸುರಕ್ಷತಾ ದಿನ. ಬ್ಯಾಡ್ಜ್ ಹಾಕಿ ಪ್ರತಿಜ್ಞೆ ಓದಿ ಕೆಲಸಕ್ಕೆ ಹೋಗುತ್ತಿದ್ದೆವು. ಮುಂದಿನ ವರ್ಷ ಪ್ರತಿಜ್ಞೆ ಆದ ಮೇಲೆ ಹತ್ತು ನಿಮಿಷ ಕೊಡಿ ಅಂತ ಸಾಹೇಬರನ್ನು ಕೇಳಿದೆ. ಅದಕ್ಕೂ ಮೊದಲು ಅವನ ಹೆಂಡತಿಯ ಹತ್ತಿರ ಹೋದೆ. "ಅಕ್ಕಾ, ಅವತ್ತು ರಾಡ್ ನನ್ನ ಹತ್ತಿರ ಇತ್ತು" ಅಂದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಟೇಬಲ್ ಮೇಲಿನ ಬಿಲ್ ಕಟ್ಟುಗಳನ್ನು ಜೋಡಿಸುತ್ತಾ ಕೂತರು. ಆಮೇಲೆ, "ಹೇಳಿ. ಅವರು ಅವಸರದವರಲ್ಲ ಅನ್ನೋದನ್ನೂ ಹೇಳಿ. ಮಗನ ಮುಂದೆ ಮಾತ್ರ ಈಗಲೇ ಬೇಡ" ಅಂದರು. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ, ನಾನು ಕೇಳಲಿಲ್ಲ. ಅದು ಕೇಳುವ ಮಾತಲ್ಲ.

ಹೇಳಿದೆ. ಹೆಸರು, ಕಂಬ, ಟಿಸಿ, ಹೋಂಸ್ಟೇ, ರಾಡ್, ನಾನಾಡಿದ ಮಾತು. ಮಧ್ಯದಲ್ಲಿ ಗಂಟಲು ಕಟ್ಟಿತು. ಯಾರೂ ಎದ್ದು ಹೋಗಲಿಲ್ಲ. ಅವನ ಗ್ಯಾಂಗಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, ತಾವು ಕೆಳಗಿದ್ದೂ ಹತ್ತಬೇಡ ಅನ್ನಲಿಲ್ಲ ಅಂತ ಅತ್ತುಬಿಟ್ಟರು. ಅವರೂ ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದರು. ಅವತ್ತಿನಿಂದ "ಅವಸರ ಮಾಡಿದ" ಅನ್ನುವ ಮಾತು ನಮ್ಮಲ್ಲಿ ನಿಂತಿತು. ಆ ವಾರವೇ ಇನ್ನಷ್ಟು ರಾಡ್ ಬೇಕು ಅಂತ ಎಲ್ಲರೂ ಸಹಿ ಹಾಕಿ ಅರ್ಜಿ ಕೊಟ್ಟೆವು. ಐದು ತಿಂಗಳಾದ ಮೇಲೆ ಇನ್ನೆರಡು ಜೊತೆ ರಾಡ್ ಬಂದವು.

ಈಗ ಆಯುಧ ಪೂಜೆಗೆ ಏಣಿ, ಬೆಲ್ಟ್, ರಾಡ್ ಎಲ್ಲ ಇಟ್ಟು ಪಕ್ಕದಲ್ಲಿ ಅವನ ಕಟಿಂಗ್ ಪ್ಲೇಯರ್ ಇಡುತ್ತೇವೆ. ಹಿಡಿಕೆಗೆ ಅವನೇ ಸುತ್ತಿದ ಕೆಂಪು ಟೇಪ್ ಇನ್ನೂ ಇದೆ. ಕುಂಕುಮ ಹಚ್ಚಿ, ಹೊಸಬರನ್ನು ಕೂರಿಸಿಕೊಂಡು ಪೂರ್ತಿ ಕಥೆ ಹೇಳುತ್ತೇವೆ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಹೊಸ ಹುಡುಗನ ಫೋನ್ ಬಂತು. "ಅಣ್ಣ, ಎಲ್‌ಸಿ ಸಿಕ್ಕಿದೆ. ಆದ್ರೆ ನಮ್ಮ ಗಾಡೀಲಿ ರಾಡ್ ಇಲ್ಲ, ನಾನು ಹತ್ತಲ್ಲ. ಇಲ್ಲಿ ಜನ ಬೈತಿದ್ದಾರೆ." ಬೈಯಲಿ ಬಿಡು, ಕೆಳಗೇ ಇರು ಅಂದೆ. ರಾಡ್ ಕಟ್ಟಿಕೊಂಡು ಬೈಕಿನಲ್ಲಿ ಹೊರಟೆ. ಮಳೆಯಲ್ಲಿ ನಲವತ್ತು ನಿಮಿಷ ಹಿಡಿಯಿತು. ಹೋಗಿ ನೋಡಿದರೆ ಹುಡುಗ ಟಾರ್ಚ್ ಹಿಡಿದು ಕಂಬದ ಬುಡದಲ್ಲೇ ನಿಂತಿದ್ದ.