10×12 ಕೋಣೆಯಲ್ಲಿ ಮಿಕ್ಸಿಂಗ್: ಮೊದಲು ಅಳತೆ, ಆಮೇಲೆ ರಾಕ್‌ವುಲ್

ಬೆಂಗಳೂರಿನ ಬೆಡ್‌ರೂಮು ಎಂದರೆ ಸಾಮಾನ್ಯವಾಗಿ 10×12 ಅಡಿ, ಎತ್ತರ 10 ಅಡಿ. ಇಟ್ಟಿಗೆ ಇಲ್ಲವೇ ಸಾಲಿಡ್ ಬ್ಲಾಕಿನ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್. ಮಿಕ್ಸಿಂಗ್‌ಗೆ, ಅಂದರೆ ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆ, ಇಷ್ಟು ಹಟಮಾರಿ ಕೋಣೆ ಇನ್ನೊಂದಿಲ್ಲ. ಯೂಟ್ಯೂಬಿನ ಅಮೆರಿಕನ್ ವಿಡಿಯೋಗಳಲ್ಲಿ ಕಾಣುವುದು ಮರದ ಚೌಕಟ್ಟಿಗೆ ಜಿಪ್ಸಂ ಬೋರ್ಡ್ ಹೊಡೆದ ಗೋಡೆ. ಅದು ಬೇಸ್‌ಗೆ (ತಗ್ಗಿನ ಸ್ವರಗಳಿಗೆ) ತುಸು ಅದುರಿ, ಸ್ವಲ್ಪ ಶಕ್ತಿ ತಿಂದು, ಸ್ವಲ್ಪ ಆಚೆಗೂ ಬಿಟ್ಟುಕೊಡುತ್ತದೆ. ನಮ್ಮ ಗೋಡೆ ಜಗ್ಗುವುದೇ ಇಲ್ಲ. ಹೊಡೆದ ಬೇಸನ್ನು ಹಾಗೇ ವಾಪಸ್ ಕಳಿಸುತ್ತದೆ. ಅವರು ಶಬ್ದ ಹೀರುವ ಎರಡು ಇಂಚಿನ ಪ್ಯಾನೆಲಿನಲ್ಲಿ ಮುಗಿಸಿದ ಕೆಲಸ ಇಲ್ಲಿ ಮುಗಿಯದಿರುವುದು ಅದಕ್ಕೇ.

ಲೆಕ್ಕ ಕಷ್ಟದ್ದಲ್ಲ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಎದುರುಬದುರು ಗೋಡೆಗಳ ಅಂತರದ ಎರಡರಷ್ಟರಿಂದ ಅದನ್ನು ಭಾಗಿಸಿದರೆ ಮೊದಲ ಮೋಡ್, ಅಂದರೆ ಆ ಗೋಡೆಗಳ ನಡುವೆ ಸಿಕ್ಕಿಕೊಂಡು ಮೊಳಗುವ ಸ್ವರ, ಸಿಗುತ್ತದೆ. 12 ಅಡಿಗೆ, ಅಂದರೆ 3.66 ಮೀಟರಿಗೆ, 47 ಹರ್ಟ್ಸ್. 10 ಅಡಿಗೆ, ಅಂದರೆ 3.05 ಮೀಟರಿಗೆ, 56 ಹರ್ಟ್ಸ್. ತೊಂದರೆ ಇರುವುದು ಅಗಲ, ಎತ್ತರ ಎರಡೂ ಹತ್ತೇ ಅಡಿ ಆಗಿರುವುದರಲ್ಲಿ: 56ರಲ್ಲೂ 112ರಲ್ಲೂ ಎರಡೆರಡು ಮೋಡ್ ಒಂದರ ಮೇಲೊಂದು ಕೂರುತ್ತವೆ. ಅಗಲದ ನಟ್ಟನಡುವೆ ಕೂತು, ಕಿವಿ ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ 56 ಸೊರಗಿ ಕೇಳುತ್ತದೆ, 112 ಊದಿಕೊಂಡು ಕೇಳುತ್ತದೆ. ಬೇಸ್ ಗಿಟಾರಿನ ಎ ತಂತಿ ಬಿಟ್ಟು ಮೀಟಿದರೆ 55 ಹರ್ಟ್ಸ್, ಅದರ ಮೇಲಿನ ಸ್ಥಾಯಿ 110. ಈ ಕುರ್ಚಿಯಲ್ಲಿ ಕೂತವರು 55ನ್ನು ಏರಿಸುತ್ತಾರೆ, 110ನ್ನು ಕತ್ತರಿಸುತ್ತಾರೆ. ಅದೇ ಹಾಡನ್ನು ಕಾರಿನಲ್ಲಿ ಹಾಕಿದರೆ ಬಾಗಿಲು ಗಡಗಡ, ಗಂಡು ದನಿ ತೆಳ್ಳಗೆ.

ಲೆಕ್ಕ ಸುಳಿವು ಮಾತ್ರ, ಅಳತೆಯೇ ಸಾಕ್ಷಿ. ಕೋಣೆಯ ಶಬ್ದ ಅಳೆಯುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ ಉಚಿತ. ಮೈಕ್‌ಗೆ ಮಿನಿಡಿಎಸ್‌ಪಿಯ ಯುಮಿಕ್-1 ಸಾಕು. ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಇದ್ದರೆ ಬೆಹ್ರಿಂಗರ್ ಇಸಿಎಂ8000 ಆದರೂ ಸರಿ, ಮೈಕಿಗೆ ಕರೆಂಟು ಕೊಡುವ 48 ವೋಲ್ಟ್ ಫ್ಯಾಂಟಮ್ ಆನ್ ಮಾಡಬೇಕು. ಮಿನಿಡಿಎಸ್‌ಪಿಯ ತಾಣದಲ್ಲಿ ಯುಮಿಕ್‌ನ ಸೀರಿಯಲ್ ನಂಬರ್ ಹಾಕಿದರೆ, ಮೈಕಿನ ಏರುಪೇರು ಸರಿದೂಗಿಸುವ ಎರಡು ಕ್ಯಾಲಿಬ್ರೇಶನ್ ಫೈಲ್ ಸಿಗುತ್ತವೆ: ಮೈಕನ್ನು ಸ್ಪೀಕರಿನತ್ತ ಹಿಡಿದರೆ 0 ಡಿಗ್ರಿಯದು, ಸೂರಿನತ್ತ ಹಿಡಿದರೆ 90ರದು. ಇವೆರಡು ಅದಲುಬದಲಾದರೆ ಟ್ರೆಬಲ್ಲಿನ (ಮೇಲಿನ ಸ್ವರಗಳ) ಗ್ರಾಫ್ ಪೂರ್ತಿ ತಪ್ಪುತ್ತದೆ.

ಕುರ್ಚಿಯನ್ನು ಹಿಂದಕ್ಕೆ ಸರಿಸಿ, ತಲೆ ಇರುವ ಜಾಗದಲ್ಲಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ. ಮೇಜಿನ ಮೇಲೆ ಇಡಬೇಡಿ. ಫ್ಯಾನ್, ಎಸಿ ಎರಡೂ ಆಫ್. ವಿಂಡೋಸಿನಲ್ಲಿ ಸೌಂಡ್ ಎನ್‌ಹಾನ್ಸ್‌ಮೆಂಟ್ ತೆಗೆದು, ಇನ್‌ಪುಟ್, ಔಟ್‌ಪುಟ್ ಎರಡಕ್ಕೂ 48 ಕಿಲೋಹರ್ಟ್ಸ್ ಇಡಿ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆಫ್ ಆಗಿರಲಿ. ಇಲ್ಲದಿದ್ದರೆ ಮೈಕಿನ ಶಬ್ದ ಮತ್ತೆ ಸ್ಪೀಕರಿಗೆ ಹೋಗಿ ಗ್ರಾಫು ಬಾಚಣಿಗೆಯ ಹಲ್ಲಿನಂತಾಗುತ್ತದೆ. ಶಬ್ದದ ಮಟ್ಟವನ್ನು 75 ಡೆಸಿಬೆಲ್‌ಗೆ (ಡಿಬಿ) ಹೊಂದಿಸಿ, 20ರಿಂದ 20,000 ಹರ್ಟ್ಸ್‌ವರೆಗೆ 256ಕೆ ಉದ್ದದ ಸ್ವೀಪ್, ಅಂದರೆ ಕೆಳಗಿನಿಂದ ಮೇಲಕ್ಕೇರುವ ಅಳತೆಯ ದನಿ, ಕೊಡಿ. ಐದೂವರೆ ಸೆಕೆಂಡಿನ ಕೆಲಸ. ಎಡಕ್ಕೆ ಒಂದು, ಬಲಕ್ಕೆ ಒಂದು, ಎರಡೂ ಸೇರಿ ಒಂದು. ಎರಡೂ ಸೇರಿದ ಅಳತೆಯಲ್ಲಿ ಟ್ರೆಬಲ್ ಚಿಂದಿಯಾಗಿ ಕಂಡರೆ ಗಾಬರಿ ಬೇಡ, ಅದನ್ನು ಬೇಸ್ ನೋಡಲು ಮಾತ್ರ ಬಳಸಿ. ಮಿಕ್ಸ್ ಮಾಡುವಾಗ ಬಾಗಿಲು ಹೇಗಿರುತ್ತದೋ ಅಳೆಯುವಾಗಲೂ ಹಾಗೇ ಇರಲಿ. ಗಟ್ಟಿ ಗೋಡೆಯ ಕೋಣೆಯಲ್ಲಿ ಬಾಗಿಲು ತೆರೆದರೆ ಬೇಸಿನ ಗ್ರಾಫೇ ಬದಲಾಗುತ್ತದೆ.

ನೋಡಬೇಕಾದ್ದು ಮೂರೇ ಚಿತ್ರ. ಮೊದಲನೆಯದು ಫ್ರೀಕ್ವೆನ್ಸಿ ಗ್ರಾಫ್: 300 ಹರ್ಟ್ಸ್‌ಗಿಂತ ಕೆಳಗೆ ಸ್ಮೂದಿಂಗ್ (ಗೆರೆಯನ್ನು ನುಣುಪಾಗಿಸುವುದು) ಬೇಡ, ನಿಲುವಿನ ಅಕ್ಷ 50 ಡಿಬಿ ಇರಲಿ. ಮೂರನೇ ಒಂದು ಆಕ್ಟೇವ್ ಸ್ಮೂದಿಂಗ್ ಹಾಕಿದರೆ ಎಂಥ ಕೋಣೆಯೂ ಚಂದ ಕಾಣುತ್ತದೆ. ಆನ್‌ಲೈನಿನಲ್ಲಿ ಕಾಣುವ ನುಣ್ಣನೆ ಗ್ರಾಫುಗಳ ಗುಟ್ಟು ಬಹುಪಾಲು ಇದೇ. ಎರಡನೆಯದು ವಾಟರ್‌ಫಾಲ್: ಯಾವ ಸ್ವರ ನಿಂತ ಮೇಲೂ ಎಳೆಯುತ್ತಿದೆ ಎಂದು ಹೇಳುತ್ತದೆ. 300 ಮಿಲಿಸೆಕೆಂಡಿನಲ್ಲಿ 30 ಡಿಬಿ ಇಳಿದರೆ ಮನೆಯ ಕೋಣೆಗೆ ಒಳ್ಳೆಯದೇ. ಶಬ್ದ 60 ಡಿಬಿ ಇಳಿಯಲು ಹಿಡಿಯುವ ಸಮಯ ಹೇಳುವ ಆರ್‌ಟಿ60 ಅಂಕಿಯನ್ನು ಇಲ್ಲಿ ನೆಚ್ಚಬೇಡಿ. ಈ ಗಾತ್ರದಲ್ಲಿ ಸುಮಾರು 200 ಹರ್ಟ್ಸ್‌ನ ಕೆಳಗೆ ಅದಕ್ಕೆ ಅರ್ಥವಿಲ್ಲ. ಮೂರನೆಯದು ಇಟಿಸಿ, ಅಂದರೆ ಪ್ರತಿಫಲನಗಳು ಯಾವಾಗ, ಎಷ್ಟು ಜೋರಾಗಿ ಬಂದವು ಎಂಬುದು. ಮೊದಲ 20 ಮಿಲಿಸೆಕೆಂಡಿನಲ್ಲಿ ನೇರ ಶಬ್ದಕ್ಕಿಂತ 15 ಡಿಬಿಯಷ್ಟೂ ಕೆಳಗಿಳಿಯದ ಮೊನೆ ಇದ್ದರೆ ಅದನ್ನು ಹಿಡಿಯಬೇಕು. ಶಬ್ದ ಒಂದು ಮಿಲಿಸೆಕೆಂಡಿಗೆ 34 ಸೆಂ.ಮೀ. ನಡೆಯುತ್ತದೆ. 4 ಮಿಲಿಸೆಕೆಂಡಿನಲ್ಲಿ ಮೊನೆ ಇದ್ದರೆ ಆ ಶಬ್ದ 1.37 ಮೀಟರ್ ಹೆಚ್ಚು ನಡೆದಿದೆ. ಸ್ಪೀಕರಿನಿಂದ ಮೈಕಿನವರೆಗಿನ ಅಂತರಕ್ಕೆ ಅಷ್ಟನ್ನು ಕೂಡಿಸಿ ದಾರ ಕತ್ತರಿಸಿ, ಎರಡು ತುದಿಯನ್ನು ಸ್ಪೀಕರಿಗೂ ಮೈಕಿಗೂ ಕಟ್ಟಿ, ನಡುವೆ ಬಿಗಿಯಾಗಿ ಹಿಡಿದು ಸುತ್ತ ಆಡಿಸಿ. ದಾರ ಎಲ್ಲಿ ತಾಗುತ್ತದೋ ಅಪರಾಧಿ ಅಲ್ಲಿದೆ. ಎಷ್ಟೋ ಸಲ ಅದು ಮೇಜೇ ಆಗಿರುತ್ತದೆ.

ದುಡ್ಡು ಬಿಚ್ಚುವ ಮೊದಲು ಜಾಗ ಬದಲಿಸಿ. 10 ಅಡಿಯ ಗೋಡೆಗೆ ಸ್ಪೀಕರ್ ಇಟ್ಟು, ಕಿವಿಯನ್ನು ಆ ಗೋಡೆಯಿಂದ ಉದ್ದದ 38 ಶೇಕಡಾದಲ್ಲಿ, ಅಂದರೆ 1.39 ಮೀಟರ್ ದೂರದಲ್ಲಿ ಇಟ್ಟು ಶುರು ಮಾಡಿ. ಉದ್ದದ ನಡುಮಧ್ಯೆ ಕೂತರೆ 47 ಮಾಯ. ಸ್ಪೀಕರನ್ನು ಗೋಡೆಯಿಂದ ದೂರ ಇಡಿ ಎಂಬ ಉಪದೇಶ ಸಣ್ಣ ಕೋಣೆಗೆ ಒಗ್ಗುವುದಿಲ್ಲ. ಮುಂಬದಿ ಗೋಡೆಯಿಂದ 1 ಮೀಟರ್ ಇದ್ದರೆ ಹಿಂದಿನಿಂದ ಬರುವ ಪ್ರತಿಫಲನ 86 ಹರ್ಟ್ಸ್ ಅನ್ನು ನುಂಗುತ್ತದೆ, 40 ಸೆಂ.ಮೀ. ಇದ್ದರೆ ಗುಂಡಿ 214ಕ್ಕೆ ಏರುತ್ತದೆ, ಅದನ್ನು ನಾಲ್ಕು ಇಂಚಿನ ಪ್ಯಾನೆಲ್ ಪಳಗಿಸಬಲ್ಲದು. ಹಿಂದೆ ಪೋರ್ಟ್ (ಗಾಳಿ ಆಡುವ ತೂತು) ಇರುವ ಸ್ಪೀಕರಿಗೆ 10 ಸೆಂ.ಮೀ. ಉಸಿರಾಡುವ ಜಾಗ ಬಿಟ್ಟರಾಯಿತು. 40 ಸೆಂ.ಮೀ.ನಲ್ಲಿಟ್ಟು, ಎರಡು ಸ್ಪೀಕರೂ ಕಿವಿಯೂ ಸಮಬಾಹು ತ್ರಿಕೋನವಾದರೆ ಎರಡು ಸ್ಪೀಕರ್ ನಡುವೆ ಸುಮಾರು 1.14 ಮೀಟರ್ ಬರುತ್ತದೆ.

ಈಗ ವಸ್ತು. ಮೊಟ್ಟೆ ಟ್ರೇ ಬೇಡವೇ ಬೇಡ. ಒಂದು ಇಂಚಿನ ಫೋಮ್ ಟ್ರೆಬಲನ್ನಷ್ಟೇ ತಿನ್ನುತ್ತದೆ. ಕೋಣೆ ಮಂಕಾಗಿ, ಬೇಸ್ ಮಾತ್ರ ಮೊದಲಿನಂತೆ ಗುಂಯ್‌ಗುಡುತ್ತದೆ. ಮೇಲಾಗಿ ಅಗ್ಗದ ಪಿಯು ಫೋಮಿಗೆ ಬೆಂಕಿ ತಾಗಿದರೆ ಹೊಗೆಯೇ ವಿಷ. 50 ಮಿ.ಮೀ. ದಪ್ಪ, ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ ರಾಕ್‌ವುಲ್ (ಕಲ್ಲು ಕರಗಿಸಿ ಮಾಡಿದ ನಾರು) ಸ್ಲ್ಯಾಬ್ ಕೇಳಿ. 1200×600 ಮಿ.ಮೀ. ಎಂದು ಇಲ್ಲಿ ಲೆಕ್ಕ ಹಾಕಿದ್ದೇನೆ. ಬೇರೆ ಅಳತೆಯೂ ಬರುವುದರಿಂದ ಸ್ಲ್ಯಾಬ್ ಕೈಗೆ ಬಂದ ಮೇಲೇ ಬಡಗಿಗೆ ಫ್ರೇಮ್ ಹೇಳಿ. ಮೂಲೆ ಒಂದಕ್ಕೆ ಒಂದರ ಮೇಲೊಂದು ಎರಡು ಪ್ಯಾನೆಲ್, ತಲಾ ಎರಡು ಸ್ಲ್ಯಾಬ್: ನಾಲ್ಕು ಮೂಲೆಗೆ 16. ಪಕ್ಕದ ಗೋಡೆಗಳಿಗೆ 4, ಸೂರಿಗೆ 4. ಹಿಂಬದಿ ಗೋಡೆಗೆ ಎಂಟು ಇಂಚು ದಪ್ಪದ ಎರಡು ಪ್ಯಾನೆಲಿಗೆ 8. ಒಟ್ಟು 32. ಬಾಗಿಲು ಮೂಲೆ ತಿಂದಿದ್ದರೆ ಆ ಪಾಲನ್ನು ಗೋಡೆ-ಸೂರು ಕೂಡುವ ಅಂಚಿಗೆ ಕೊಡಿ. ಕಟ್ಟು ಬಂದ ದಿನ ಪ್ಲಾಸ್ಟಿಕ್ ಬಿಚ್ಚದೆ ಮೂಲೆಗಳಲ್ಲಿ ಪೇರಿಸಿ ಒಮ್ಮೆ ಅಳೆಯಿರಿ. ಪ್ಲಾಸ್ಟಿಕ್ ಬೇಸನ್ನು ತಡೆಯುವುದಿಲ್ಲ. ಯಾವ ಮೂಲೆ ಹೆಚ್ಚು ಕೆಲಸ ಮಾಡುತ್ತದೆಂದು ಫ್ರೇಮ್ ಮಾಡಿಸುವ ಮುಂಚೆಯೇ ತಿಳಿಯುತ್ತದೆ.

ಹೊದಿಕೆ ಬಟ್ಟೆಗೆ ಬಾಯಿ ಇಟ್ಟು ಊದಿ ನೋಡಿ: ಗಾಳಿ ಸಲೀಸಾಗಿ ಆಚೆ ಬಂದರೆ ಸರಿ. ಖಾದಿ ಆದೀತು, ರೆಕ್ಸಿನ್ ಆಗದು. ಸ್ಲ್ಯಾಬ್ ಕತ್ತರಿಸುವಾಗ ಎನ್95 ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ. ಗೋಡೆಗೂ ಪ್ಯಾನೆಲಿಗೂ ನಡುವೆ ಎರಡರಿಂದ ನಾಲ್ಕು ಇಂಚು ಬಿಡಿ. ಕೆಳಗಿನ ಫ್ರೀಕ್ವೆನ್ಸಿಗೂ ಅದು ಒಳ್ಳೆಯದು, ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಗೋಡೆ ಬೂಷ್ಟು ಹಿಡಿಯದಿರಲೂ ಒಳ್ಳೆಯದು.

ಸೂರಿನ ಪ್ಯಾನೆಲಿಗೆ ನಮ್ಮಲ್ಲಿ ಅಡ್ಡ ಬರುವುದು ಫ್ಯಾನ್. ಕೋಣೆಯ ನಡುವೆ ನೇತಾಡುವ 1200 ಮಿ.ಮೀ. ಫ್ಯಾನಿನ ರೆಕ್ಕೆಯ ತುದಿ ಮುಂಬದಿ ಗೋಡೆಯಿಂದ 1.23 ಮೀಟರಿಗೆ ಬರುತ್ತದೆ. ಸೂರಿನ ಪ್ರತಿಫಲನದ ಬಿಂದು ಸುಮಾರು 0.9ರಲ್ಲಿ. ಎರಡು ಪ್ಯಾನೆಲನ್ನು ಕೋಣೆಯ ಅಗಲಕ್ಕೆ ಸಾಲಾಗಿ, 0.55ರಿಂದ 1.15 ಮೀಟರಿನೊಳಗೆ ನೇತುಹಾಕಿದರೆ ಫ್ಯಾನೂ ಉಳಿಯುತ್ತದೆ, ಬಿಂದುವೂ ಮುಚ್ಚುತ್ತದೆ. ಡ್ರಿಲ್ ಹಿಡಿಯುವ ಮೊದಲು ಆರ್‌ಸಿಸಿ ಸೂರಿನೊಳಗೆ ಕರೆಂಟಿನ ಪೈಪ್ ಎಲ್ಲಿ ಹೋಗಿದೆ ಎಂದು ಎಲೆಕ್ಟ್ರಿಷಿಯನ್ನನ್ನು ಕೇಳಿ. ಗಟ್ಟಿಯಾದ ಆಂಕರ್ ಫಾಸ್ಟನರ್, ಸರಪಳಿ ಬಳಸಿ.

ಇಷ್ಟಾದ ಮೇಲೆ 112ರ ಎಳೆತ ಚೆನ್ನಾಗಿಯೇ ತಗ್ಗುತ್ತದೆ. 56 ಮಾತ್ರ ಅಷ್ಟಾಗಿ ಬಗ್ಗುವುದಿಲ್ಲ, ಅದಕ್ಕೆ ನಾಲ್ಕು ಇಂಚು ಏನೇನೂ ಸಾಲದು. 60ರ ಕೆಳಗಿನ ತೀರ್ಮಾನವನ್ನು ಒಳ್ಳೆಯ ಹೆಡ್‌ಫೋನಿಗೆ ಬಿಡುವುದೇ ಜಾಣತನ. ಇಕ್ಯೂ, ಅಂದರೆ ಆಯ್ದ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವುದು, ಕಡೆಯ ಹೆಜ್ಜೆ: 200ರ ಕೆಳಗಿನ ಉಬ್ಬುಗಳನ್ನು ಮೂರು-ನಾಲ್ಕು ಫಿಲ್ಟರಿನಲ್ಲಿ ಕತ್ತರಿಸಿ, ಗುಂಡಿ ತುಂಬಲು ಹೋಗಬೇಡಿ. 10 ಡಿಬಿ ಏರಿಸಿದರೆ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು, ಪ್ರತಿಫಲನವೂ ಅಷ್ಟೇ ಏರಿ ಮತ್ತೆ ರದ್ದು ಮಾಡುತ್ತದೆ. ಈ ಇಕ್ಯೂವನ್ನು ಇಡೀ ಹಾಡು ಹಾದುಹೋಗುವ ಮಾಸ್ಟರ್ ಚಾನೆಲಿನಲ್ಲಿ ಹಾಕದೆ ವಿಂಡೋಸಿಗೆ ಸಿಗುವ ಈಕ್ವಲೈಜರ್ ಎಪಿಓ ತಂತ್ರಾಂಶದಂಥ ಕಡೆ ಹಾಕಿ. ಇಲ್ಲದಿದ್ದರೆ ಬೌನ್ಸ್ ಮಾಡಿದ (ಕೊನೆಗೆ ಹೊರತೆಗೆದ) ಫೈಲಿನೊಳಗೆ ನಿಮ್ಮ ಕೋಣೆಯ ತಿದ್ದುಪಡಿಯೂ ಸೇರಿ ಹೋಗುತ್ತದೆ. ಎಪಿಓ, ಆಡಿಯೊ ಇಂಟರ್‌ಫೇಸಿಗೆ ನೇರ ದಾರಿ ಕೊಡುವ ಎಎಸ್‌ಐಓ ಡ್ರೈವರಿನ ಮೇಲೆ ನಡೆಯುವುದಿಲ್ಲ. ಎಎಸ್‌ಐಓ ಬೇಕೇ ಬೇಕು ಎನ್ನುವವರು ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ಮಾನಿಟರಿಂಗ್ ಎಫ್‌ಎಕ್ಸ್ ಬಳಸಬಹುದು, ಅದು ಹೊರತೆಗೆದ ಫೈಲಿಗೆ ಸೇರುವುದಿಲ್ಲ.