ಗಾಯದಲ್ಲಿದ್ದ ಗ್ರೀಸ್

2018ರ ಆಗಸ್ಟ್ ತಿಂಗಳ ಒಂದು ಸೋಮವಾರ, ರಾತ್ರಿ ಒಂಬತ್ತು ಹತ್ತಕ್ಕೆ, ಪೀಣ್ಯದ ಹತ್ತಿರದ ಒಂದು ನರ್ಸಿಂಗ್ ಹೋಮಿನ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಕನ್ನಡದಲ್ಲಿ ಹೇಳುವುದಾದರೆ, ‘ಮನೆಯಲ್ಲಿ ಜಾರಿ ಬಿದ್ದು ಬಲಗೈಗೆ ಪೆಟ್ಟು’. ನಾನು ಮನೆಯಲ್ಲಿ ಇರಲೇ ಇಲ್ಲ. ಅರ್ಧ ಗಂಟೆ ಹಿಂದೆ ಐವತ್ತು ಟನ್ನಿನ ಪವರ್ ಪ್ರೆಸ್ಸಿನ ಮುಂದೆ ಕೂತು ಬ್ರಾಕೆಟ್ ಹೊಡೆಯುತ್ತಿದ್ದೆ. ಒಂದು ಪೀಸ್ ಡೈಯಲ್ಲಿ, ಅಂದರೆ ಅಚ್ಚಿನಲ್ಲಿ, ಸಿಕ್ಕಿಕೊಂಡಿತು. ಪೆಡಲಿನಿಂದ ಕಾಲು ತೆಗೆದು ಕೈ ಹಾಕಿದೆ. ಪ್ರೆಸ್ ಡಬಲ್ ಹೊಡೆಯಿತು, ಪೆಡಲ್ ಒತ್ತದಿದ್ದರೂ ತಾನಾಗಿ ಇನ್ನೊಮ್ಮೆ ಇಳಿಯಿತು. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಬಿಚ್ಚಿಟ್ಟು ಎಂಟು ತಿಂಗಳಾಗಿತ್ತು.

ತೋರುಬೆರಳಿನ ಎರಡು ಗೆಣ್ಣು, ಮಧ್ಯದ ಬೆರಳಿನ ಒಂದು ಗೆಣ್ಣು ಹೋದವು. ಉಂಗುರದ ಬೆರಳು ಉಳಿಯಿತು, ಆದರೆ ಇವತ್ತಿಗೂ ಮಡಚುವುದಿಲ್ಲ.

ಸೂಪರ್‌ವೈಸರ್ ತಮ್ಮದೇ ಕಾರಿನಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ಹೇಳಿದರು: “ಮನೇಲಿ ಬಿದ್ದೆ ಅಂತ ಹೇಳ್ಬಿಡಪ್ಪ. ಫ್ಯಾಕ್ಟ್ರಿ ಅಂದ್ರೆ ಪೊಲೀಸು, ಇನ್‌ಸ್ಪೆಕ್ಟರು ಅಂತ ಬರ್ತಾರೆ. ಖರ್ಚೆಲ್ಲ ನಾವು ನೋಡ್ಕೋತೀವಿ, ನಿನ್ನ ಕೆಲಸಾನೂ ಎಲ್ಲೂ ಹೋಗಲ್ಲ.” ನಾನು ತಲೆ ಆಡಿಸಿದೆ. ಟವೆಲಿನೊಳಗಿನಿಂದ ರಕ್ತ ತೊಟ್ಟಿಕ್ಕುತ್ತಿದ್ದ ಹೊತ್ತಿನಲ್ಲಿ ಯಾರು ಏನು ಹೇಳಿದ್ದರೂ ತಲೆ ಆಡಿಸುತ್ತಿದ್ದೆನೋ ಏನೋ. ಆದರೆ ಆಡಿಸಿದ್ದು ನಾನೇ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲಾರೆ.

ಆಪರೇಷನ್ ಬಿಲ್ಲನ್ನು ಕಾರ್ಖಾನೆಯವರೇ ಕಟ್ಟಿದರು. ಆಮೇಲೆ ಅವರ ದನಿ ಬದಲಾಯಿತು. ಪ್ರತಿ ತಿಂಗಳೂ ನನ್ನ ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆಯ ಹಣ, ಹಿಡಿಯುತ್ತಿದ್ದರು, ಹಾಗಾಗಿ ಅದರ ಶಾಖಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಕಾರ್ಖಾನೆಯಿಂದ ಅಪಘಾತದ ವರದಿ ಬಂದಿರಲಿಲ್ಲ. ನನ್ನ ಕೈಯಲ್ಲಿದ್ದ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಮನೆಯಲ್ಲಿ ಜಾರಿ ಬಿದ್ದು’ ಎಂದೇ ಇತ್ತು. ಕೆಲಸದಲ್ಲಾದ ಗಾಯ ಇದಲ್ಲ ಎಂದು ಬರೆದುಕೊಟ್ಟು ಕಾಯಿಲೆಯ ಲೆಕ್ಕಕ್ಕೆ ಹಾಕಿದರು. ಮುಂದೆ ಕೂತಿದ್ದ ಗುಮಾಸ್ತರ ಮೇಲೆ ಆ ದಿನ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರಿಗೆ ಕಂಡ ಕಾಗದ ಹೇಳಿದ್ದೇ ಅದು.

ಗಾಯಕ್ಕೆ ಕೊಡುವ ಹೆಸರು ಬದಲಾದರೆ ಎಷ್ಟು ವ್ಯತ್ಯಾಸ ಎಂದು ನನಗೆ ಆಗ ಗೊತ್ತಿರಲಿಲ್ಲ. ನನ್ನ ಸರಾಸರಿ ದಿನಗೂಲಿ 480 ರೂಪಾಯಿ. ಕಾಯಿಲೆ ಎಂದಾದರೆ ಅದರ ಶೇ 70, ಅಂದರೆ ದಿನಕ್ಕೆ 336, ಅದೂ ವರ್ಷಕ್ಕೆ 91 ದಿನ ಮಾತ್ರ. ಕೆಲಸದ ಗಾಯ ಎಂದಾದರೆ ಶೇ 90, ಅಂದರೆ 432, ಕೆಲಸಕ್ಕೆ ಮರಳುವಷ್ಟು ವಾಸಿಯಾಗುವವರೆಗೂ. ಕೈ ಶಾಶ್ವತವಾಗಿ ಊನವಾದರೆ, ದುಡಿಯುವ ಶಕ್ತಿ ಎಷ್ಟು ಪಾಲು ಹೋಯಿತೋ ಆ 432ರಲ್ಲಿ ಅಷ್ಟು ಪಾಲು ಜೀವ ಇರುವವರೆಗೆ ಬರುತ್ತದೆ. ಕಾಯಿಲೆಯ ಲೆಕ್ಕದಲ್ಲಿ ಆ ಕೊನೆಯದು ಇಲ್ಲವೇ ಇಲ್ಲ. ನಾನು 118 ದಿನ ಮನೆಯಲ್ಲಿದ್ದೆ. 91 ದಿನಕ್ಕೆ ದುಡ್ಡು ನಿಂತಿತು. ಉಳಿದ ದಿನ ಮನೆ ನಡೆದದ್ದು ಹೆಂಡತಿಯ ಗಾರ್ಮೆಂಟ್ಸ್ ಸಂಬಳದಲ್ಲಿ, ಮತ್ತೆ ಶಿರಾದ ಹತ್ತಿರದ ನಮ್ಮೂರಿಂದ ಅವ್ವ ಕಳಿಸಿದ ರಾಗಿಯಲ್ಲಿ.

ಕಚೇರಿಯ ಗೇಟಿನ ಹೊರಗೆ ಒಬ್ಬ ಏಜೆಂಟ್ ಸಿಕ್ಕಿದ. “ಬಂದಿದ್ದರಲ್ಲಿ ಮೂವತ್ತು ಪರ್ಸೆಂಟ್ ಕೊಡಿ, ಎಲ್ಲಾ ನಾನು ಮಾಡಿಸ್ತೀನಿ” ಅಂದ. ಸಹಿ ಹಾಕುವುದರಲ್ಲಿದ್ದೆ. ನಮ್ಮ ಬೀದಿಯಲ್ಲಿರುವ, ಹಿಂದೆ ಯೂನಿಯನ್ನಿನಲ್ಲಿದ್ದ ಹಿರಿಯರೊಬ್ಬರು ಬೈದು ತಡೆದರು. ಅವರೇ ಒಬ್ಬ ವಕೀಲೆಯ ಹತ್ತಿರ ಕರೆದುಕೊಂಡು ಹೋದರು. ಮೇಡಂ ಮೊದಲು ಹೇಳಿದ್ದೇ ಫೀಸಿನ ವಿಷಯ. ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ, ವಕೀಲರ ನಿಯಮದಲ್ಲೇ ಅದಕ್ಕೆ ನಿಷೇಧ ಇದೆ. ನಿಮಗೆ ಫೀಸು ಕೊಡಲು ಆಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಕಾರ್ಖಾನೆ ಕಾರ್ಮಿಕರಿಗೆ 1987ರ ಕಾಯ್ದೆಯಲ್ಲೇ ಆ ಹಕ್ಕಿದೆ, 15100ಕ್ಕೆ ಫೋನ್ ಮಾಡಬಹುದು ಅಂದರು. ತಮ್ಮ ಬಳಿಗೆ ಬಂದವರನ್ನು ಹಣವಿಲ್ಲದೆ ಬೇರೆ ಕಡೆ ಕಳಿಸಲೂ ಸಿದ್ಧವಿದ್ದರು ನೋಡಿ, ನಾನು ಅವರ ಹತ್ತಿರವೇ ಉಳಿದದ್ದು ಅದಕ್ಕೇ. ಸ್ವಲ್ಪ ಸ್ವಲ್ಪವಾಗಿ ಫೀಸು ಕೊಟ್ಟೆ.

ಎರಡನೆಯ ಸಲ ಹೋದಾಗ ನಡೆದದ್ದನ್ನೆಲ್ಲ ಹೇಳಿದೆ, ತಲೆ ಆಡಿಸಿದ್ದನ್ನೂ ಸೇರಿಸಿ. ಗಾರ್ಡ್ ಇಲ್ಲದ ಪ್ರೆಸ್ಸಿಗೆ ಕೈ ಹಾಕಿದ್ದು ನನ್ನದೇ ತಪ್ಪಲ್ಲವೇ ಎಂದು ಕೇಳಿದೆ. ನಿಜ ಹೇಳಬೇಕೆಂದರೆ, ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಆ ಪ್ರಶ್ನೆಯೇ. ಮೇಡಂ ಆಗ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆ ತೆಗೆದು 51ಎ, 51ಬಿ ಸೆಕ್ಷನ್ ಓದಿ ಹೇಳಿದರು. ಕೆಲಸದ ಹೊತ್ತಿನಲ್ಲಿ ಆದ ಅಪಘಾತ ಕೆಲಸದಿಂದಲೇ ಆದದ್ದು ಎಂದು ಕಾನೂನು ಮೊದಲೇ ನಂಬುತ್ತದೆ, ಅಲ್ಲ ಎನ್ನುವುದಕ್ಕೆ ಸಾಕ್ಷಿ ಇಲ್ಲದಿದ್ದರೆ. ನಿಯಮ ಮೀರಿ ಮಾಡಿದ ಕೆಲಸದಲ್ಲಿ ಗಾಯವಾದರೂ, ಅದನ್ನು ಮಾಲೀಕರ ಕೆಲಸಕ್ಕಾಗಿಯೇ ಮಾಡಿದ್ದರೆ ಹಕ್ಕು ಹೋಗುವುದಿಲ್ಲ. “ನೀವು ಕೈ ಹಾಕಿದ್ದು ಯಾರ ಪೀಸ್ ತೆಗೆಯೋಕೆ?” ಎಂದು ಕೇಳಿದರು. ಆ ರಾತ್ರಿ ನಾನು ಮಲಗಿದೆ.

ಇನ್ನೊಂದು ಮಾತನ್ನೂ ಹೇಳಿದರು. ಇಎಸ್‌ಐ ಇರುವ ಕಾರ್ಮಿಕನಿಗೆ ಕಾರ್ಖಾನೆ ಬೇರೆ ಪರಿಹಾರ ಕೊಡಬೇಕಿಲ್ಲ, ಅದೇ ಕಾಯ್ದೆಯ 53ನೇ ಸೆಕ್ಷನ್ನಿನಲ್ಲಿ ಅದಿತ್ತು. ಅಂದರೆ ನಿಜ ಬರೆಸಿದ್ದರೂ ಅವರ ಜೇಬಿನಿಂದ ನನಗಾಗಿ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಅವರು ಹೆದರಿದ್ದು ಬಿಚ್ಚಿಟ್ಟ ಆ ಗಾರ್ಡಿಗೆ. ನನ್ನ ಜೀವಮಾನದ ಹಣವನ್ನು ಅವರು ಅಷ್ಟಕ್ಕೆ ಒತ್ತೆ ಇಟ್ಟರು. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಮೇಡಂ ಮೊದಲು ಮಾಡಿಸಿದ ಕೆಲಸ ನರ್ಸಿಂಗ್ ಹೋಮಿಗೆ ಒಂದು ಅರ್ಜಿ ಬರೆದು ಪೂರ್ತಿ ಕೇಸ್ ಶೀಟ್ ಕೇಳಿದ್ದು. ಡಿಸ್ಚಾರ್ಜ್ ಸಮ್ಮರಿ ಸಾಲದು, ಒಳಗಿನ ಪ್ರತಿ ಹಾಳೆಯೂ ಬೇಕು ಅಂದರು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ 2002ರ ನಿಯಮಾವಳಿಯಲ್ಲಿದೆ. ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬಂದೆ. ಇಪ್ಪತ್ತೆರಡು ಹಾಳೆ ಸಿಕ್ಕವು. ಮೇಡಂ ಒಂದೊಂದನ್ನೂ ಬೆರಳಿಟ್ಟು ಓದುತ್ತಾ ಹೋದರು. ಆಪರೇಷನ್ ಮಾಡಿದ ಸರ್ಜನ್ ಬರೆದ ಹಾಳೆಗೆ ಬಂದಾಗ ನಿಂತರು. ‘ಜಜ್ಜಿದ ಗಾಯ. ಒಳಗೆ ಕಪ್ಪು ಗ್ರೀಸ್, ಲೋಹದ ಸಣ್ಣ ಚೂರುಗಳು. ತೊಳೆದು ತೆಗೆಯಲಾಗಿದೆ.’

“ನಿಮ್ಮ ಮನೇಲಿ ಗ್ರೀಸ್ ಎಲ್ಲಿರುತ್ತೆ?” ಎಂದು ಕೇಳಿದರು. ನನಗೆ ಅಳು ಬಂತು. ಆ ಸರ್ಜನ್ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಯಾರು ಏನೇ ಹೇಳಿದ್ದರೂ ತಾವು ಗಾಯದಲ್ಲಿ ಕಂಡದ್ದನ್ನು ಬರೆದಿದ್ದರು.

2019ರಲ್ಲಿ ನೌಕರರ ವಿಮಾ ನ್ಯಾಯಾಲಯದಲ್ಲಿ ಅದೇ ಕಾಯ್ದೆಯ 75ನೇ ಸೆಕ್ಷನ್ ಅಡಿ ಅರ್ಜಿ ಹಾಕಿದೆವು. ಅಲ್ಲಿಗೆ ಹೋಗಲು ಮೂರು ವರ್ಷದ ಗಡುವು ಇತ್ತು, ನಾವು ಅದರೊಳಗೇ ಇದ್ದೆವು. ಮೇಡಂ ಕೋರ್ಟಿನಿಂದ ಕಾರ್ಖಾನೆಯ ಹಾಜರಿ ದಾಖಲೆ ತರಿಸಿದರು. ಆ ದಿನ ಮಧ್ಯಾಹ್ನ 1.52ಕ್ಕೆ ನಾನು ಒಳಗೆ ಹೋಗುವಾಗ ಪಂಚ್ ಮಾಡಿದ್ದು ಇತ್ತು. ಹೊರಗೆ ಬಂದ ಪಂಚ್ ಇರಲಿಲ್ಲ. ನರ್ಸಿಂಗ್ ಹೋಮಿನ ಬಿಲ್ ಕಟ್ಟಿದ್ದು ಕಾರ್ಖಾನೆಯ ಖಾತೆಯಿಂದ. ಮನೆಯಲ್ಲಿ ಜಾರಿ ಬಿದ್ದವನ ಬಿಲ್ಲನ್ನು ಕಾರ್ಖಾನೆ ಯಾಕೆ ಕಟ್ಟುತ್ತದೆ?

ಕಣ್ಣಾರೆ ಕಂಡ ಸಾಕ್ಷಿಯೂ ಬೇಕಿತ್ತು. ಪಕ್ಕದ ಪ್ರೆಸ್ಸಿನಲ್ಲಿದ್ದ ಇಬ್ಬರು ಇನ್ನೂ ಅಲ್ಲೇ ಕೆಲಸದಲ್ಲಿದ್ದರು. ಮಕ್ಕಳ ಸ್ಕೂಲ್ ಫೀಸ್ ಕಟ್ಟುವವರು. ನಾನು ಒತ್ತಾಯ ಮಾಡಲಿಲ್ಲ, ಮೇಡಂ ಕೂಡ ಬೇಡ ಅಂದರು. ಆ ರಾತ್ರಿ ನನ್ನ ಕೈಗೆ ಟವೆಲ್ ಸುತ್ತಿದ ಹೆಲ್ಪರ್ ಹುಡುಗ ರಾಯಚೂರಿನ ಕಡೆಯವನು, ಕೆಲಸ ಬಿಟ್ಟು ಊರು ಸೇರಿದ್ದ. ಫೋನ್ ಮಾಡಿದೆ. “ಅಣ್ಣ, ಏನ್ ನೋಡೀನೋ ಅದನ್ನ ಬಂದು ಹೇಳ್ತೀನಿ, ಅದಕ್ಕೇನು” ಅಂದ. ರಾತ್ರಿ ರೈಲಿನಲ್ಲಿ ಬಂದು, ನಮ್ಮ ಲಗ್ಗೆರೆ ಮನೆಯಲ್ಲಿ ಸ್ನಾನ ಮಾಡಿ, ನನ್ನ ಶರ್ಟ್ ಹಾಕಿಕೊಂಡು ಕೋರ್ಟಿಗೆ ಬಂದ. ಕಾರ್ಖಾನೆಯ ವಕೀಲರು ಪಾಟಿ ಸವಾಲಿನಲ್ಲಿ, ಸಾಕ್ಷಿ ಹೇಳಲು ಇವರು ನಿನಗೆ ದುಡ್ಡು ಕೊಟ್ಟಿದ್ದಾರೆ ಅಲ್ಲವೇ ಎಂದು ಕೇಳಿದರು. “ಟ್ರೇನ್ ಚಾರ್ಜ್ ಕೊಟ್ಟಾರ್ರೀ” ಅಂದ. ನನ್ನ ಎದೆ ಧಸಕ್ಕೆಂದಿತು. ಮೇಡಂ ಮಾತ್ರ ನೆಮ್ಮದಿಯಿಂದ ಕೂತಿದ್ದರು. ಆಮೇಲೆ ಹೊರಗೆ ಬಂದು, “ಇಂಥ ಉತ್ತರ ಕೊಡುವವನ ಉಳಿದ ಮಾತನ್ನೂ ಜಡ್ಜ್ ನಂಬುತ್ತಾರೆ” ಅಂದರು.

ಕೊರೊನಾ ಬಂದು ಎಲ್ಲ ನಿಂತಿತು. 2021ರ ಕೊನೆಗೆ ಆದೇಶ ಬಂತು: ಇದು ಕೆಲಸದಲ್ಲಾದ ಗಾಯ. 118 ದಿನಕ್ಕೆ 432ರಂತೆ 50,976 ರೂಪಾಯಿ. ಮೊದಲೇ ಕೊಟ್ಟ 30,576 ಕಳೆದು 20,400 ಬಂತು.

ಅದಾದ ಮೇಲೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕಿತ್ತು. ಯಾವ ಬೆರಳಿನ ಎಷ್ಟು ಗೆಣ್ಣು ಹೋದರೆ ಎಷ್ಟು ಪಾಲು ಎಂದು ಇಎಸ್‌ಐ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಪಟ್ಟಿ ಇತ್ತು. ತೋರುಬೆರಳಿನ ಎರಡು ಗೆಣ್ಣಿಗೆ ಶೇ 11, ಮಧ್ಯದ ಬೆರಳಿನ ಒಂದು ಗೆಣ್ಣಿಗೆ ಶೇ 7, ಒಟ್ಟು 18. ತುಂಡಾಗದೆ ಬಿಗಿದು ನಿಂತ ಉಂಗುರದ ಬೆರಳನ್ನು ಯಾರೂ ಕೇಳದೇ ಹೋಗಬಹುದು, ನೀವೇ ಮುಂದೆ ಮಾಡಿ ತೋರಿಸಿ ಎಂದು ಮೇಡಂ ಹೇಳಿಕೊಟ್ಟಿದ್ದರು. ಮೂಳೆ ಡಾಕ್ಟರ ವರದಿಯನ್ನೂ ಇಟ್ಟುಕೊಂಡು ಹೋದೆ. ಮಂಡಳಿ ಅದನ್ನೂ ನೋಡಿ ಒಟ್ಟು ಶೇ 22 ಎಂದಿತು. ಕಡಿಮೆ ಅನಿಸಿದರೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದಿತ್ತು. ನಾನು ಸಾಕು ಅಂದೆ. ದಿನಕ್ಕೆ 95 ರೂಪಾಯಿ 4 ಪೈಸೆ, ಮೂವತ್ತು ದಿನಕ್ಕೆ 2,851 ರೂಪಾಯಿ 20 ಪೈಸೆ. ಬೇರೆ ಕೆಲಸ ಮಾಡಿಕೊಂಡಿದ್ದರೂ ಬರುತ್ತದೆ. ನಾನೀಗ ಒಂದು ಗೋಡೌನಿನಲ್ಲಿ ಸ್ಟಾಕ್ ಬರೆಯುತ್ತೇನೆ, ಎಡಗೈಯಲ್ಲಿ. ಇದನ್ನು ಟೈಪ್ ಮಾಡುತ್ತಿರುವುದೂ ಅದೇ ಕೈಯಲ್ಲಿ.

ಮೊದಲ ತಿಂಗಳ ಹಣ ಬಂದ ವಾರ ಆ ನರ್ಸಿಂಗ್ ಹೋಮಿಗೆ ಹೋದೆ. ಕೋರ್ಟಿನ ಆದೇಶದ ಪ್ರತಿ ತೋರಿಸಿ, ರಿಜಿಸ್ಟರಿನಲ್ಲಿ ಆ ಸಾಲನ್ನು ತಿದ್ದಬಹುದೇ ಎಂದು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಒಳಗೆ ಕೇಳಿಕೊಂಡು ಬಂದು, “ಹಳೇ ಎಂಟ್ರಿ ಯಾವತ್ತೂ ತಿದ್ದೋಹಾಗಿಲ್ಲ ಅಣ್ಣ” ಅಂದಳು. ಒಮ್ಮೆ ನೋಡಬಹುದೇ ಎಂದೆ. ತಂದು ತೋರಿಸಿದಳು. ನನ್ನ ಹೆಸರು, ವಯಸ್ಸು 34, ರಾತ್ರಿ 9.10. ಆ ಸಾಲು ಹಾಗೇ ಇತ್ತು. ಆದೇಶದ ಪ್ರತಿಯನ್ನು ಮಡಚಿ ಕವರಿಗೆ ಹಾಕಿಕೊಂಡು ಬಸ್ ಸ್ಟಾಪಿಗೆ ನಡೆದೆ.