ಚುಕ್ಕಾಣಿಯ ಆಸನ: ಮಳೆಗಾಲದ ಕೆಲಸದ ಮೂರನೇ ವರದಿ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲಿ ನಮ್ಮ 24 ಅಡಿಯ ಫೈಬರ್ ಹಾಯಿದೋಣಿಯೂ ಮಲ್ಪೆಯ ದಡದಲ್ಲಿ ಟಾರ್ಪಾಲಿನಡಿ ಮಲಗಿರುತ್ತದೆ. ಆದ್ದರಿಂದ ಚುಕ್ಕಾಣಿ ಹಿಡಿಯುವವರ ಆಸನದ ಕೆಲಸವೆಲ್ಲ, ದೋಣಿಯ ಬೆಂಚಿನ ಅಳತೆಗೆ ಕತ್ತರಿಸಿ ತಂದ ರಟ್ಟನ್ನು ನೆಚ್ಚಿಕೊಂಡು, ಬೆಂಗಳೂರಿನ ಮನೆಯ ತಾರಸಿಯ ಮೇಲೆ ನಡೆಯುತ್ತಿದೆ.

ಮಧ್ಯಾಹ್ನ ವಾಯವ್ಯದ ಕಡಲಗಾಳಿ ಬಲಗೊಂಡಾಗ ದೋಣಿ ಸುಮಾರು 12 ಡಿಗ್ರಿ ವಾಲುತ್ತದೆ. ಗಾಳಿ ಬರುವ ಬದಿಯ ಬೆಂಚಿನಲ್ಲಿ ಟಿಲ್ಲರ್, ಅಂದರೆ ಚುಕ್ಕಾಣಿ ತಿರುಗಿಸುವ ಹಿಡಿಕೋಲು, ಹಿಡಿದು ಕೂತವರು ಒಳಕ್ಕೆ ಜಾರುತ್ತಲೇ ಇರುತ್ತಾರೆ. ಎದುರಿನ ಬೆಂಚಿಗೆ ಕಾಲು ಊರಿ ತಡೆದುಕೊಂಡರೆ ಮೂರು ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ಬೆಂಚು ಗಟ್ಟಿಯಾಗಿರುವುದೇ ತೊಂದರೆ ಎಂದು ತಿಳಿದು ಕಳೆದ ವರ್ಷ ಜೆ.ಸಿ. ರಸ್ತೆಯಲ್ಲಿ ದಪ್ಪ ಸ್ಪಂಜಿನ ಮೆತ್ತೆ ಹೊಲಿಸಿದ್ದೆ. ನೋವಿಗೆ ಕಾರಣ ಇಳಿಜಾರು ಎಂಬುದು ಹೊಳೆದದ್ದು ಆ ಹಣ ಕಳೆದ ಮೇಲೆ.

ಈಗ ಮಾಡುತ್ತಿರುವುದು ಒಳಅಂಚು ಎತ್ತರವಿರುವ, ಬೆಣೆಯಾಕಾರದ ಬಿಡಿ ಪೀಠ. ಬೆಂಚಿನ ಅಗಲ 380 ಮಿ.ಮೀ. ಇರುವುದರಿಂದ 12 ಡಿಗ್ರಿಗೆ ಒಳಅಂಚು 81 ಮಿ.ಮೀ. ಏರಬೇಕು. ದಿಕ್ಕು ಬದಲಿಸಿ ದೋಣಿ ಇನ್ನೊಂದು ಬದಿಗೆ ವಾಲಿದಾಗ ಅದನ್ನೇ ಅರ್ಧ ಸುತ್ತು ತಿರುಗಿಸಿ ಎದುರಿನ ಬೆಂಚಿಗಿಟ್ಟರೆ ಎತ್ತರದ ಅಂಚು ಮತ್ತೆ ಒಳಬದಿಗೇ ಬರುತ್ತದೆ, ಹಾಗಾಗಿ ಒಂದೇ ಪೀಠ ಸಾಕು. ಮೊದಲು ದುರಾಸೆಯಿಂದ 18 ಡಿಗ್ರಿಗೆ ಕತ್ತರಿಸಿದ್ದೆ. ತಾರಸಿಯ ಸಮನೆಲದಲ್ಲಿ, ಅಂದರೆ ಗಾಳಿಯಿಲ್ಲದೆ ಎಂಜಿನ್ನಿನಲ್ಲಿ ಸಾಗುವಾಗಿನ ಸ್ಥಿತಿಯಲ್ಲಿ, ಕೂತು ನೋಡಿದರೆ ಅಂಚು ತೊಡೆಯನ್ನು ಒತ್ತಿ ಅರ್ಧ ಗಂಟೆಗೆ ಕಾಲು ಜೋಮುಗಟ್ಟಿತು. ಎರಡನೆಯದನ್ನು, ಹಲಗೆಯ ಕೆಳಗೆ ಇಟ್ಟಿಗೆ ಕೊಟ್ಟು ಓರೆ ಮಾಡಿ, ಸಂಜೆ ಒಂದು ಗಂಟೆ ಕೂತು ಪರೀಕ್ಷಿಸಿದೆ. ಬಟ್ಟೆ ಒಣಹಾಕಲು ಬಂದ ಪಕ್ಕದ ಮನೆಯವರು ಏನೂ ಕೇಳದೆ ಇಳಿದುಹೋದರು.

ಪೀಠಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನದಂಡ) ಗುರುತಿನ 12 ಮಿ.ಮೀ. ಮರೈನ್ ಪ್ಲೈ ತಂದಿದ್ದೇನೆ. ನೀರು ಮೊದಲು ನುಗ್ಗುವುದು ಕತ್ತರಿಸಿದ ಅಂಚಿನಿಂದಲೇ ಆದ್ದರಿಂದ ಅಲ್ಲಿಗೆ ಮೂರು ಕೈ ಎಪಾಕ್ಸಿ ಬಳಿದೆ. ಬಿಸಿಲಿಗೆ ಎಪಾಕ್ಸಿ ಪುಡಿಯೇಳುವುದರಿಂದ ಮೇಲೊಂದು ವಾರ್ನಿಷ್ ಇನ್ನೂ ಆಗಬೇಕು. ಹಳೆಯ ಸ್ಪಂಜು ಒಮ್ಮೆ ಉಪ್ಪುನೀರು ಕುಡಿದ ಮೇಲೆ ಮತ್ತೆ ಪೂರ್ತಿ ಒಣಗಲೇ ಇಲ್ಲ, ಏಕೆಂದರೆ ಒಳಗುಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದರ ಬದಲು ನೀರು ಹೀರದ ಇವಿಎ ಫೋಮನ್ನು 40 ಮಿ.ಮೀ. ದಪ್ಪಕ್ಕೆ ಅಂಟಿಸಿದ್ದೇನೆ; ಮೆತ್ತಗಿಲ್ಲ, ಆದರೆ ಕೂರಬಹುದು.

ಸ್ಕ್ರೂಗಳದ್ದು ಬೇರೆಯೇ ಕಥೆ. ಕಳೆದ ವರ್ಷ ಅಂಗಡಿಯವರು ಅಯಸ್ಕಾಂತ ಹಿಡಿದು ತೋರಿಸಿ ಕೊಟ್ಟ ‘316’ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳು ಎರಡೇ ತಿಂಗಳಲ್ಲಿ ಕಂದು ಕಣ್ಣೀರು ಸುರಿಸಿದವು. ಸಾಮಾನ್ಯ ದರ್ಜೆಯ 304 ಮತ್ತು ಉಪ್ಪುನೀರನ್ನು ಹೆಚ್ಚು ತಡೆಯುವ 316 ಎರಡೂ ಅಯಸ್ಕಾಂತಕ್ಕೆ ಹೆಚ್ಚುಕಡಿಮೆ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆಗೆ ಅರ್ಥವೇ ಇಲ್ಲ. ವ್ಯತ್ಯಾಸವಿರುವುದು 316ರಲ್ಲಿ ಸೇರಿಸುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್‌ನಲ್ಲಿ, ಅದು ಕಣ್ಣಿಗೆ ಕಾಣುವುದಲ್ಲ. ಈ ಬಾರಿ ತಲೆಯ ಮೇಲೆ 316ರ ವರ್ಗವನ್ನು ಸೂಚಿಸುವ ‘ಎ4’ ಎಂದು ಅಚ್ಚಾಗಿರುವ ಬೋಲ್ಟುಗಳನ್ನಷ್ಟೇ ಕೊಂಡಿದ್ದೇನೆ.

ಪೀಠ ಜಾರದಂತೆ ಪಟ್ಟಿ ಕಟ್ಟಲು ಬೆಂಚುಗಳಿಗೆ ನಾಲ್ಕು ಕೊಂಡಿಗಳು ಬೇಕು. ಬೆಂಚಿನ ಫೈಬರ್ ಪದರಗಳ ನಡುವೆ ಬಾಲ್ಸಾ ಮರವಿದ್ದು, ನೀರು ತಗುಲಿದರೆ ಅದು ಕೊಳೆಯುತ್ತದೆ. ಆದ್ದರಿಂದ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಅಷ್ಟಕ್ಕೆ ಒಣಹವೆಯ ಎರಡು ದಿನಗಳು ಬೇಕು, ಮಲ್ಪೆಯಲ್ಲಿ ಅವು ಸಿಗುವವರೆಗೆ ಪೀಠ ತಾರಸಿಯಲ್ಲೇ ಇರುತ್ತದೆ.